ಒಂದೆಳೆ ತಾಮ್ರ

ಮಸ್ಕತ್ತಿನ ವಾದಿ ಕಬೀರ್, ಜುಲೈ. ಬೆಳಗಿನ ಏಳಕ್ಕೇ
ಸ್ಪ್ಯಾನರು ಹಿಡಿದರೆ ಕೈ ಚುರ್ರೆನ್ನುತ್ತದೆ.
ಝುವೈನಾ ಟೀಚರ ಬಿಳಿ ಕಾರು ಬಂದು ನಿಂತಿದೆ,
ಮೀಟರಿನ ಬದಿಗೆ ಆರದ ಹಳದಿ ದೀಪ ಹೊತ್ತು.

"ಮುಹಂದಿಸ್, ಬೇರೆ ಗ್ಯಾರೇಜಿನಲ್ಲಿ ಎರಡು ಸಲ ವಾಲ್ವು ಬದಲಿಸಿದರು.
ಮೂವತ್ತೆಂಟು ರಿಯಾಲು ಹೋಯಿತು, ದೀಪ ಹೋಗಲಿಲ್ಲ."
ನಾನು ಇಂಜಿನಿಯರಲ್ಲ. ನನ್ನ ಕಾರ್ಡಿನಲ್ಲಿ ಬರೆದಿರುವುದು
ಟೈಲ್ಸ್ ಕೂರಿಸುವವ ಎಂದು.
ಹನ್ನೊಂದು ವರ್ಷದಲ್ಲಿ ಒಂದು ಟೈಲ್ಸೂ ಕೂರಿಸಿಲ್ಲ.

ಸ್ಕ್ಯಾನರು ಹೇಳಿತು: ಆವಿಯ ವಾಲ್ವು, ಅದರ ಸರ್ಕಿಟ್ಟು.
ಅಷ್ಟೇ.
ಸ್ಕ್ಯಾನರು ಊರು ಹೇಳುತ್ತದೆ, ಮನೆ ಹೇಳುವುದಿಲ್ಲ.

ಟೀಚರಿಗೆ ಬಿಡಿಸಿ ಹೇಳಬೇಕು, ನನ್ನ ಅರಬ್ಬಿ ಅರೆಬರೆ:
ಟ್ಯಾಂಕಿನ ಪೆಟ್ರೋಲು ಈ ಬಿಸಿಲಿಗೆ ಸುಮ್ಮನಿರದು,
ಆವಿಯಾಗಿ ಏಳುತ್ತದೆ. ಎದ್ದದ್ದನ್ನು ಗಾಳಿಗೆ ಬಿಡದೆ
ಒಂದು ಡಬ್ಬಿ ಹಿಡಿದಿಟ್ಟುಕೊಳ್ಳುತ್ತದೆ, ಅದರ ತುಂಬ ಇದ್ದಿಲು.
ಇಂಜಿನು ಓಡುವಾಗ ವಾಲ್ವು ಟಿಕ್ ಟಿಕ್ ತೆರೆದು
ಗುಟುಕು ಗುಟುಕಾಗಿ ಕುಡಿಸುತ್ತದೆ.
"ಇದ್ದಿಲಾ?" ನಕ್ಕರು. "ನಮ್ಮ ಮನೆಯಲ್ಲಿ ಇದ್ದಿಲು
ಲುಬಾನದ ಪರಿಮಳ ಬಿಡಲಿಕ್ಕೆ."
ಇದು ವಾಸನೆ ಬಿಡದಿರಲಿಕ್ಕೆ, ಅಂದೆ.
ವ್ಯಾಕರಣ ತಪ್ಪಿತ್ತು; ತಿದ್ದಿದರು. ಮತ್ತೊಮ್ಮೆ ಹೇಳಿಸಿದರು.

ಕನೆಕ್ಟರು ಬಿಚ್ಚಿದೆ. ಕೀ ಆನ್.
ಮಲ್ಟಿಮೀಟರು: ಹನ್ನೆರಡು ಪಾಯಿಂಟ್ ಮೂರು.
ತಫಜ್ಜುಲ್ ಇಣುಕಿ "ಠೀಕ್ ಆಛೆ" ಅಂದ,
ಹೊಸ ವಾಲ್ವಿನ ಡಬ್ಬಕ್ಕೆ ಕೈ ಹಾಕಿದ.
ಆ ಎರಡು ಸಲವೂ ಹೀಗೇ ಆಗಿರಬೇಕು.
ತಡಿ ಮಾರಾಯ.

ಪುತ್ತಬ್ಬ ಉಸ್ತಾದ್ ಗಲ್ಫು ಬಿಟ್ಟು ಹೋಗುವಾಗ ನನಗೆ ಕೊಟ್ಟದ್ದು
ಲಾರಿಯ ಒಂದು ಬ್ರೇಕ್ ಬಲ್ಬು,
ಎರಡು ತುಂಡು ವೈರು, ಎರಡು ಮೊಸಳೆ ಕ್ಲಿಪ್ಪು.
"ಮೀಟರು ಮರ್ಯಾದಸ್ಥ. ಹೊಸ್ತಿಲಲ್ಲೇ ನಿಂತು
ಸೌಖ್ಯವಾ ಕೇಳಿ ಹೋಗುತ್ತದೆ.
ಬಲ್ಬು ಒಳಗೆ ಬಂದು ಊಟ ಕೇಳುತ್ತದೆ.
ಮಡಕೆಯಲ್ಲಿ ಅನ್ನ ಉಂಟಾ ಇಲ್ಲವಾ
ಆಗ ಗೊತ್ತಾಗುವುದು."

ಬಲ್ಬು ಸಿಕ್ಕಿಸಿದೆ.
ಒಳಗಿನ ಸುರುಳಿ ಕೆಂಪು ನೂಲಿನಷ್ಟು ಹೊಳೆಯಿತು, ಆರಿತು.
ಮೀಟರಿನಲ್ಲಿ ಈಗ ಒಂದೂ ಇಲ್ಲ.

ಫ್ಯೂಸಿನ ಬಳಿ ಅದೇ ಬಲ್ಬು ಕಣ್ಣು ಕುಕ್ಕುವಂತೆ ಉರಿಯುತ್ತದೆ.
ಹಾಗಾದರೆ ನಡುವೆ. ಮೂರು ಮೊಳ ಕತ್ತಲೆಯಲ್ಲಿ ಎಲ್ಲೋ.
ಬೆರಳಿಗೆ ಕಣ್ಣು ಬರಿಸಿಕೊಂಡು ತಂತಿಯ ಹಿಂದೆ ಹೊರಟೆ,
ಅಲುಗಿಸುತ್ತ, ಹಿಂಡುತ್ತ.
ತಫಜ್ಜುಲ್ ಬಲ್ಬಿನ ಮುಂದೆ ಕುಕ್ಕರಗಾಲಲ್ಲಿ:
"ಬಂತು. ಹೋಯ್ತು. ಹೋಯ್ತು. ಬಂತು."
ಅವನ ಬಳಿ ಇರುವ ಮೂರು ಕನ್ನಡ ಪದಗಳಲ್ಲಿ ಎರಡು.

ಬ್ಯಾಟರಿ ತಟ್ಟೆಯ ಅಡಿಯಲ್ಲಿ
ಯಾರೋ ಎಂದೋ ಅವಸರದಲ್ಲಿ ಬಿಗಿದ ಪ್ಲಾಸ್ಟಿಕ್ ಟೈ.
ತಂತಿಯ ಮೇಲುಸಿಪ್ಪೆ ಹೊಚ್ಚ ಹೊಸದರಂತಿದೆ.
ಉಗುರಲ್ಲಿ ಒತ್ತಿದರೆ ಒಳಗೆ ಮೆತ್ತಗೆ.
ಬ್ಲೇಡಿನಿಂದ ಸೀಳಿದೆ:
ಹಸಿರು ಪುಡಿ, ಕಡಲ ತೇವ ತಿಂದುಳಿದ ತಾಮ್ರ,
ನಡುವೆ ಒಂದೇ ಎಳೆ, ಕೂದಲಿಗಿಂತ ಸಪೂರ,
ಹನ್ನೆರಡು ವೋಲ್ಟಿನ ಮಾನ ಕಾಯ್ದುಕೊಂಡು ನಿಂತಿತ್ತು.

ಟೀಚರು ಬಗ್ಗಿ ನೋಡಿದರು, ಏನೂ ಅನ್ನಲಿಲ್ಲ.

ನಿನ್ನೆ ಫೋನಿನಲ್ಲಿ ಫ್ಲೇವಿ, ಎಲ್ಲ ಸೌಖ್ಯ, ಅಂದಳು.
ನಾನು ಮೀಟರು ಇಟ್ಟು ಎದ್ದು ಬಂದೆ.

ಕೊಳೆತದ್ದು ಕತ್ತರಿಸಿ, ಹೊಸ ತುಂಡು ಬೆಸೆದು, ತೋಳು ತೊಡಿಸಿ,
ಬಿಗಿಯದೆ ಕಟ್ಟಿದೆ. ಮೂರು ರಿಯಾಲು.
ಇಂಜಿನು ಬೆಚ್ಚಗಾಗುವವರೆಗೂ ಯಾರೂ ಮಾತಾಡಲಿಲ್ಲ.
ಆಮೇಲೆ ವಾಲ್ವಿನ ಮೇಲೆ ಬೆರಳಿಟ್ಟೆ: ಟಿಕ್, ಟಿಕ್.
ಟೀಚರ ಬೆರಳನ್ನೂ ಇಡಲು ಹೇಳಿದೆ.
"ಕುಡಿಯುತ್ತಿದೆ" ಅಂದರು,
ನನಗೆ ತಿಳಿಯಲೆಂದು ಸಣ್ಣ ಮಕ್ಕಳ ಅರಬ್ಬಿಯಲ್ಲಿ.

ಹಸಿರು ಹಿಡಿದ ತುಂಡನ್ನು ತಫಜ್ಜುಲ್ ಬಿಸಾಡಹೊರಟ.
ಕಸಿದು ಅಂಗಿಯ ಜೇಬಿಗೆ ಹಾಕಿಕೊಂಡೆ.
ನನ್ನ ಮುಖ ನೋಡಿದ.
"ಕೇನೊ, ಮಾರಾಯ?"